ಅಪ್‌ಡೇಟ್: ಏಳು ತಿಂಗಳ ಮಗು, ಕಾಲೇಜು ಕೆಲಸದ ಹುಡುಕಾಟ

ಧಾರವಾಡದಿಂದ ಮತ್ತೆ ನಾನೇ. ಪಿಎಚ್‌.ಡಿ. ಆದ ಮೇಲೆ ಬಸಿರು, ಬಾಣಂತನಕ್ಕೆ ಹೋದ ಒಂದೂವರೆ ವರ್ಷವನ್ನು ಬಯೋಡೇಟಾದಲ್ಲಿ ಹೇಗೆ ತೋರಿಸಲಿ ಅಂತ ಇಲ್ಲಿ ಕೇಳಿದ್ದೆ. ಕೆಲಸ ಸಿಕ್ಕಿತು! ಹುಬ್ಬಳ್ಳಿಯಲ್ಲಿ, ಸೋಮವಾರದಿಂದ.

ಆ ಬಿಡುವಿನ ಬಗ್ಗೆ ಹೇಳಲೇಬೇಡಿ ಎಂಬ ನಿಮ್ಮಲ್ಲಿ ಕೆಲವರ ಸಲಹೆ ಕೆಲಸಕ್ಕೆ ಬರಲಿಲ್ಲ. ಮೊದಲ ಸಂದರ್ಶನದಲ್ಲಿ ಅದನ್ನೇ ಕೆದಕಿದರು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂದರು. ಪಾಠದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬಸ್ಸಿನಲ್ಲಿ ಅತ್ತುಬಿಟ್ಟೆ.

ಒಂದೇ ಸಾಲಲ್ಲಿ ನೇರವಾಗಿ ಬರೆದು, ಕೆಳಗೆ ಆಗ ಪ್ರಕಟವಾದ ಲೇಖನ ಹಾಕಿ ಅಂತ ಇಲ್ಲೇ ಹೇಳಿದ್ದ ಒಬ್ಬ ಅಕ್ಕನ ಮಾತೇ ಫಲಿಸಿತು. ಈ ಸಲ, ಹುಬ್ಬಳ್ಳಿಯ ಸಂದರ್ಶನದಲ್ಲಿ, ಲೇಖನದ ಬಗ್ಗೆಯೇ ಮಾತಾಯಿತು. ಅವ್ವ ಮಗುವನ್ನು ಎತ್ತಿಕೊಂಡು ಚಿಗರಿ ಬಸ್ಸಿನಲ್ಲಿ ಜೊತೆಗೇ ಬಂದಿದ್ದಳು. ನಡುವೆ ಹಾಲು ಕುಡಿಸಲು ಆಯಿತು.

ಹೊಸದಾಗಿ ತಿಳಿದದ್ದು: 2017ರಲ್ಲಿ 26 ವಾರಕ್ಕೆ ಏರಿದ ಹೆರಿಗೆ ರಜೆಗೆ ಕಾಯಂ ನೌಕರಿಯೇ ಬೇಕು ಅಂತ ಕಾನೂನಿನಲ್ಲಿ ಇಲ್ಲ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು, ಅಷ್ಟೇ. ಅತಿಥಿ ಉಪನ್ಯಾಸಕಿಯರು ಸುಮ್ನೆ ಬಿಡಬೇಡಿ, ಕೇಳಿ.