ಸಹಾಯ ಬೇಕು: ಅಪ್ಪ ಹೋದ ಮೇಲೆ ನಮ್ಮ ಕರಿಯ ಅನ್ನ ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಅಪ್ಪ ತೀರಿಕೊಂಡು 26 ದಿನಗಳಾದವು. ಅವರು ಸಾಕಿದ ನಾಟಿ ನಾಯಿ ಕರಿಯನಿಗೆ ಒಂಬತ್ತು ವರ್ಷ. ಸಂಜೆ ಆರರ ಬಸ್ಸಿನಲ್ಲಿ ಅಪ್ಪ ಪೇಟೆಯಿಂದ ಬರುತ್ತಿದ್ದರು. ಇವನು ಈಗಲೂ ಆ ಹೊತ್ತಿಗೆ ತಪ್ಪದೆ ನಿಲ್ದಾಣಕ್ಕೆ ಹೋಗಿ ಕೂರುತ್ತಾನೆ. ಬಸ್ಸು ಖಾಲಿಯಾಗಿ ಹೊರಟ ಮೇಲೆ ಹಿಂತಿರುಗಿ ಅಪ್ಪನ ಕಂಬಳಿಯ ಮೇಲೆ ಮಲಗಿಬಿಡುತ್ತಾನೆ. ನೋಡಲಾಗುವುದಿಲ್ಲ.

18 ಕಿಲೋ ಇದ್ದವನು 15ಕ್ಕೆ ಇಳಿದಿದ್ದಾನೆ. ಮೊಸರನ್ನ, ಮೊಟ್ಟೆ, ಕೋಳಿಯ ಸಾರು ಎಲ್ಲವನ್ನೂ ಇಟ್ಟು ನೋಡಿದೆ. ಅಮ್ಮ ಕೈಯಲ್ಲಿ ತಿನ್ನಿಸಿದರೆ ಮಾತ್ರ ನಾಲ್ಕು ತುತ್ತು. ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರವಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ಮೂತ್ರಪಿಂಡ, ಯಕೃತ್ತು ಎರಡೂ ಸರಿಯಿವೆ.

ನನ್ನ ಗೊಂದಲ ಕಂಬಳಿಯದು. ಅಪ್ಪನ ವಾಸನೆ ಇರುವವರೆಗೂ ಅವನು ಕಾಯುತ್ತಲೇ ಇರುತ್ತಾನೆ, ತೆಗೆದುಬಿಡಿ ಎನ್ನುತ್ತಾರೆ ಪಶುವೈದ್ಯರು. ಅವನಿಗೆ ಉಳಿದಿರುವುದು ಅದೊಂದೇ, ಕಿತ್ತುಕೊಳ್ಳಬೇಡ ಎನ್ನುತ್ತಾಳೆ ಅಮ್ಮ. ಮುಂದಿನ ತಿಂಗಳು ಅಮ್ಮ, ಕರಿಯ ಇಬ್ಬರನ್ನೂ ಬೆಂಗಳೂರಿನ ನನ್ನ ಮನೆಗೆ ಕರೆದುಕೊಂಡು ಹೋಗಬೇಕಿದೆ.

ಒಡೆಯನನ್ನು ಕಳೆದುಕೊಂಡ ನಾಯಿಯನ್ನು ಸಾಕಿದವರು ದಯವಿಟ್ಟು ಹೇಳಿ: ಕಂಬಳಿಯನ್ನು ಈಗಲೇ ತೆಗೆದಿಡಬೇಕೇ, ಅಥವಾ ಬೆಂಗಳೂರಿಗೂ ಜೊತೆಗೇ ಒಯ್ಯಬೇಕೇ? ನಿಮ್ಮ ನಾಯಿ ತಾನಾಗಿ ಉಣ್ಣಲು ಎಷ್ಟು ದಿನ ಹಿಡಿಯಿತು?