ಫ್ಲೈ ಲೈನ್ 65 ಅಡಿ ದಾಟ್ತಾನೇ ಇಲ್ಲ, ಎಲ್ಲಿ ತಪ್ತಾ ಇದೀನಿ?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಫ್ಲೈ ಕಾಸ್ಟಿಂಗ್ (ಮೀನು ಹಿಡಿಯೋಕೆ ಫ್ಲೈ ಅನ್ನೋ ಹಗುರ ಕೊಕ್ಕೆಯನ್ನ ಲೈನಿನ ತೂಕದಿಂದಲೇ ಎಸೆಯೋದು) ಮಾಡ್ತಿದೀನಿ, 9 ಅಡಿಯ 5 ವೇಟ್ (ಲೈನ್ ತೂಕದ ನಂಬರ್) ರಾಡು, ವೇಟ್ ಫಾರ್ವರ್ಡ್ ಫ್ಲೋಟಿಂಗ್ ಲೈನು, ಅದರ ಹೆಡ್, ಅಂದ್ರೆ ಮುಂದಿನ ದಪ್ಪ ಭಾಗ, ಸುಮಾರು 38 ಅಡಿ ಇದೆ. 45 ಅಡಿವರೆಗೂ ಲೂಪ್ (ಗಾಳಿಯಲ್ಲಿ ಲೈನ್ ಮಡಚಿಕೊಂಡು ಹೋಗೋ U ಆಕಾರ) ಚೆನ್ನಾಗೇ ಬಿಚ್ಕೊಳ್ಳುತ್ತೆ, ಆಮೇಲೆ 65ಕ್ಕೆ ಗೋಡೆಗೆ ಹೊಡ್ದಂಗೆ ನಿಂತ್ಬಿಡುತ್ತೆ. ಜೋರು ಹಾಕಿದಷ್ಟೂ ಕೆಟ್ಟೋಗುತ್ತೆ, ಲೂಪಿನ ಮೇಲಿನ ಎಳೆ ಕೆಳಗಿನ ಎಳೆ ಮೇಲೇ ಬಿದ್ದು ಲೀಡರ್‌ನಲ್ಲಿ (ಲೈನ್ ತುದಿಗೆ ಕಟ್ಟೋ ತೆಳು ದಾರ) ಗಂಟು. ನಿನ್ನೆ ಮೈದಾನದಲ್ಲಿ ಒಂದೇ ಗಂಟೇಲಿ 6 ಸಲ ಕೂತ್ಕೊಂಡು ಗಂಟು ಬಿಡಿಸ್ದೆ, ಇದನ್ನ ಗಾಳಿಗಂಟು ಅಂತಾರೆ ಆದ್ರೆ ನಿನ್ನೆ ಒಂದು ಎಲೆ ಕೂಡ ಅಲ್ಲಾಡ್ತಿರ್ಲಿಲ್ಲ.

ಎರಡು ವಿಷಯ ತಿಳ್ಕೋಬೇಕು. ರಾಡು ಸ್ಪ್ರಿಂಗ್ ತರ ಬಗ್ಗಿ ಲೈನನ್ನ ಎಸೆಯುತ್ತೆ ಅಂತಾರಲ್ಲ, ಹಾಗಿದ್ರೆ ಇನ್ನೂ ಗಟ್ಟಿ ರಾಡ್ ತಗೊಂಡ್ರೆ ದೂರ ಹೋಗುತ್ತಾ? ಇನ್ನೊಂದು, ಡಬಲ್ ಹಾಲ್ (ಹಿಂದೆ ಮುಂದೆ ಎರಡೂ ಎಸೆತದಲ್ಲಿ ಎಡಗೈಯಿಂದ ಲೈನ್ ಎಳೆಯೋದು) ಕಲ್ತಿದೀನಿ ಆದ್ರೆ ಅದ್ರಿಂದ ಐದಡಿ ಕೂಡ ಜಾಸ್ತಿ ಬರ್ತಿಲ್ಲ, ಯಾಕೆ? ದಯವಿಟ್ಟು "ಪ್ರಾಕ್ಟೀಸ್ ಮಾಡಿ" ಅಂತ ಮಾತ್ರ ಹೇಳ್ಬೇಡಿ, ಏನನ್ನ ಪ್ರಾಕ್ಟೀಸ್ ಮಾಡ್ಬೇಕು ಅಂತ ಹೇಳಿ.

ಉತ್ತರ 1

ಮೊದ್ಲು ಹೊಸ ರಾಡ್ ಯೋಚನೆ ಬಿಟ್ಬಿಡಿ ಸರ್, ನಿಮ್ ರಾಡ್‌ದೇನೂ ತಪ್ಪಿಲ್ಲ. ರಾಡ್ ಸ್ಪ್ರಿಂಗ್ ಅನ್ನೋದು ಪೂರ್ತಿ ಸುಳ್ಳಲ್ಲ ಆದ್ರೆ ಅದರ ಪಾಲು ಸಣ್ಣದು, ರಾಡ್ ಮುಖ್ಯವಾಗಿ ಒಂದು ಸನ್ನೆಕೋಲು. ಕೈ ಸ್ವಲ್ಪ ತಿರುಗಿದ್ರೆ 9 ಅಡಿ ಆಚೆ ಇರೋ ತುದಿ ಎಷ್ಟೋ ಪಟ್ಟು ಓಡುತ್ತೆ, ವೇಗ ಬರೋದು ಅಲ್ಲಿಂದ. ಬಗ್ಗೋದರ ನಿಜವಾದ ಉಪಯೋಗ ಬೇರೆ ಇದೆ. ಬಗ್ಗದೇ ಇರೋ ಕೋಲನ್ನ ತಿರುಗಿಸಿದ್ರೆ ತುದಿ ಕಮಾನಿನ ತರ ಹೋಗುತ್ತೆ ಅಲ್ವಾ, ರಾಡ್ ಬಗ್ಗಿದಾಗ ಅದರ ಉದ್ದ ನಡುವೆ ಕಮ್ಮಿಯಾದಂಗಾಗಿ ಆ ಕಮಾನು ಚಪ್ಪಟೆ ಆಗುತ್ತೆ, ತುದಿ ನೆಟ್ಟಗೆ ಗೆರೆ ಎಳ್ದಂಗೆ ಓಡುತ್ತೆ. ಲೈನ್ ಯಾವತ್ತೂ ತುದಿ ಹೋದ ದಾರೀನೇ ಹಿಡಿಯೋದು. ತುದಿ ನೆಟ್ಟಗೆ ಹೋದ್ರೆ ಲೂಪ್ ಕಿರಿದು, ಕಮಾನಾದ್ರೆ ಲೂಪ್ ಅಗಲ. ಮಧ್ಯದಲ್ಲಿ ಬಟ್ಟೆ ಒಣಗಿಸೋ ಹಗ್ಗದ ತರ ಜೋತುಬಿದ್ದು ಆಮೇಲೆ ಮೇಲೆದ್ರೆ ಅದೇ ನಿಮ್ಮ ಗಂಟು, ಅದನ್ನ ಟೇಲಿಂಗ್ ಲೂಪ್ ಅಂತಾರೆ.

ಜೋತುಬೀಳೋದು ಯಾಕೆ ಅಂದ್ರೆ ಶುರುವಿನಲ್ಲೇ ಗುದ್ದೋದು. ಶುರುವಲ್ಲೇ ಪೂರ್ತಿ ಬಲ ಹಾಕಿದ್ರೆ ರಾಡ್ ಒಂದೇ ಸಲ ಜಾಸ್ತಿ ಬಗ್ಗಿ ತುದಿ ತಗ್ಗುತ್ತೆ, ಆಮೇಲೆ ಕೊಡೋಕೆ ಬಲ ಉಳಿದಿರಲ್ಲ, ರಾಡ್ ಅರ್ಧ ದಾರೀಲೇ ನೆಟ್ಟಗಾಗಿ ತುದಿ ಮೇಲೇಳುತ್ತೆ. ಮೆಲ್ಲಗೆ ಶುರು ಮಾಡಿ, ಒಂದೇ ಸಮ ಏರಿಸ್ತಾ ಹೋಗಿ, ಅತಿ ಜೋರು ಇರ್ಬೇಕಾಗಿರೋದು ನಿಲ್ಲಿಸೋ ಹಿಂದಿನ ಕ್ಷಣದಲ್ಲಿ, ಆಮೇಲೆ ಟಕ್ ಅಂತ ನಿಲ್ಲಿಸ್ಬೇಕು. ನಿಲ್ಲಿಸೋದು ಸರಿಯಾಗಿಲ್ಲ ಅಂದ್ರೆ ಲೂಪ್ ಹುಟ್ಟೋದೇ ಇಲ್ಲ.

ಇನ್ನೊಂದು, 5 ವೇಟ್ ಲೈನ್ ಅಂದ್ರೆ ಮೊದಲ 30 ಅಡಿ 140 ಗ್ರೇನ್, ಅಂದ್ರೆ ಸುಮಾರು 9 ಗ್ರಾಂ. ನೀವು ಗಾಳಿಯಲ್ಲಿಟ್ಟಿರೋ ಲೈನ್ ಉದ್ದ ಆದಷ್ಟೂ ತೂಕ ಜಾಸ್ತಿ, ರಾಡ್ ಜಾಸ್ತಿ ಬಗ್ಗುತ್ತೆ, ಹಾಗಾಗಿ ಕೈ ಓಡೋ ದೂರಾನೂ ರಾಡ್ ತಿರುಗೋ ಕೋನಾನೂ ಜಾಸ್ತಿ ಬೇಕು. ಗಡಿಯಾರದ 10 ಗಂಟೆಯಿಂದ 2 ಗಂಟೆ ಅಂತ ಕಲಿಸ್ತಾರಲ್ಲ, ಅದು 30-40 ಅಡಿಗೆ ಸರಿ. 70 ಅಡಿಗೂ ಅದನ್ನೇ ಹಿಡ್ಕೊಂಡು ಕೂತ್ರೆ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ತೂಕಕ್ಕೆ ವೇಗ ಕೊಡೋಕೆ ಗುದ್ದದೇ ಬೇರೆ ದಾರಿನೇ ಇರಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ನಾನು ಲೂಪ್ ಹುಟ್ಟಿದ ಮೇಲಿನ ಕಥೆ ಹೇಳ್ತೀನಿ ಯಾಕಂದ್ರೆ ದೂರ ಅನ್ನೋದು ಅರ್ಧ ಅಲ್ಲೇ ನಿರ್ಧಾರ ಆಗೋದು.

ಲೂಪಿಗೆ ಎರಡು ಕಾಲು. ಮೇಲಿನದು ಫ್ಲೈ ಕಡೆಯದು ಅದು ಓಡ್ತಾ ಇರುತ್ತೆ, ಕೆಳಗಿನದು ರಾಡ್ ಕಡೆಯದು. ಲೂಪಿನ ಮೂತಿ ಈ ಎರಡರ ಸರಾಸರಿ ವೇಗದಲ್ಲಿ ಹೋಗುತ್ತೆ. ಮೇಲಿನ ಕಾಲು ಸೆಕೆಂಡಿಗೆ 20 ಮೀಟರ್ ಹೋಗ್ತಿದೆ ಅಂದ್ಕೊಳ್ಳಿ, ನೀವು ಲೈನ್ ಬಿಗಿಯಾಗಿ ಹಿಡಿದಿದ್ರೆ ಕೆಳಗಿನದು 0, ಆಗ ಮೂತಿ 10. ಅದೇ ನೀವು ಲೈನ್ ಬಿಟ್ಟು ಕೆಳಗಿನದು 6ರಲ್ಲಿ ಹೊರಗೆ ಹೋಗ್ತಿದ್ರೆ ಮೂತಿ 13 ಆಗುತ್ತೆ. ಮೂತಿ ಮುಂದೆ ಬೇಗ ಹೋಗ್ತಿದೆ ಆದ್ರೆ ಮೇಲಿನ ಕಾಲು ಖರ್ಚಾಗೋದು ಸೆಕೆಂಡಿಗೆ 10 ಮೀಟರ್ ಇದ್ದಿದ್ದು 7ಕ್ಕೆ ಇಳಿದಿದೆ, ಅಂದ್ರೆ ಲೂಪ್ ಜಾಸ್ತಿ ಹೊತ್ತು ಬದುಕಿರುತ್ತೆ. ಹೀಗೆ ಲೈನ್ ಬಿಟ್ಟು ಹೊರಗೆ ಹೋಗೋಕೆ ಬಿಡೋದನ್ನೇ ಶೂಟ್ ಮಾಡೋದು ಅಂತಾರೆ, ಅದರಿಂದ ದೂರ ಬರೋದು ಇದಕ್ಕೇ. ಹೊರಗೆ ಹೋಗೋ ಲೈನನ್ನ ಎಳೆಯೋದು ಲೂಪಿನ ಸೆಳೆತಾನೇ, ಕೈಲಿ ಹಿಡಿದಿದ್ರೆ ಬೆರಳಿಗೆ ಆ ಜಗ್ಗು ಸ್ಪಷ್ಟ ಗೊತ್ತಾಗುತ್ತೆ. ರಾಡ್ ನಿಲ್ಲೋಕೆ ಮುಂಚೆ ಬಿಟ್ರೆ ಲೂಪ್ ಇನ್ನೂ ಹುಟ್ಟಿಲ್ಲ, ರಾಡ್ ಎಳೀಬೇಕಾದ ಲೈನು ರಾಡ್ ಮೇಲಿನ ರಿಂಗ್‌ಗಳೊಳಗೆ ಜಾರಿ ಹೋಗುತ್ತೆ, ವೇಗ ಸತ್ತುಹೋಗುತ್ತೆ. ನಿಲ್ಲಿಸಿ, ಜಗ್ಗು ಬರೋದನ್ನ ಕಾದು ಬಿಡಿ.

ಇನ್ನ ಗಾಳಿ. ಲೂಪಿನ ಮೂತಿ ಗಾಳಿಯನ್ನ ಎದೆ ಕೊಟ್ಟು ಸೀಳ್ಕೊಂಡು ಹೋಗ್ಬೇಕು, ಲೂಪ್ ಎರಡು ಪಟ್ಟು ಅಗಲ ಆದ್ರೆ ಗಾಳಿಗೆ ಒಡ್ಡೋ ಜಾಗಾನೂ ಹೆಚ್ಚುಕಮ್ಮಿ ಎರಡು ಪಟ್ಟು. ಆ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಅಗಲ ಲೂಪಿಗೆ ಜೋರು ಕೊಟ್ಟಷ್ಟೂ ಗಾಳಿಗೇ ದಾನ ಮಾಡಿದಂಗೆ.

ನಿಮ್ಮನ್ನ ಒಂದು ಪ್ರಶ್ನೆ ಕೇಳ್ತೀನಿ. ಕೊನೇ ಫಾರ್ವರ್ಡ್ ಕಾಸ್ಟಿಗೆ ಮುಂಚೆ ಗಾಳಿಯಲ್ಲಿ ಎಷ್ಟು ಲೈನ್ ಇಟ್ಕೊಂಡಿರ್ತೀರಾ? ರಾಡ್ ತುದಿಯಿಂದ 55 ಅಡಿ ಅಂದ್ರೆ, ನಿಮ್ಮ ಹೆಡ್ 38 ಆದ್ರೆ, ಹೆಡ್ಡಿನ ಹಿಂದಿರೋ ತೆಳು ರನ್ನಿಂಗ್ ಲೈನ್ 17 ಅಡಿ ಹೊರಗಿದೆ. ಆ ತೆಳು ಲೈನಿಗೆ ದಪ್ಪ ಹೆಡ್ಡನ್ನ ಹಿಡಿದು ತಿರುಗಿಸೋ ಶಕ್ತಿ ಇಲ್ಲ, ಲೂಪ್ ಕುಸಿದುಬೀಳುತ್ತೆ. ಹೆಡ್ಡಿನ ಹಿಂಭಾಗ ತುದಿಯಿಂದ 3-4 ಅಡಿ ಆಚೆ ಇದ್ರೆ ಸಾಕು, ಉಳಿದಿದ್ದು ಶೂಟ್ ಆಗ್ಲಿ.

ಪ್ರಶ್ನೆ ಕೇಳಿದವರು

ಇಬ್ರಿಗೂ ತುಂಬಾ ಥ್ಯಾಂಕ್ಸ್. ಹೌದು ಸರ್ 55ರ ಹತ್ರ ಹತ್ರ ಇಟ್ಕೊಂಡಿರ್ತಿದ್ದೆ, ಜಾಸ್ತಿ ಲೈನ್ ಗಾಳಿಯಲ್ಲಿದ್ರೇ ದೂರ ಅಂದ್ಕೊಂಡಿದ್ದೆ. ಇವತ್ತು ಹೆಡ್ ಮುಗಿಯೋ ಜಾಗದಲ್ಲಿ ಲೈನಿಗೆ ಮಾರ್ಕರ್‌ನಲ್ಲಿ ಕಪ್ಪು ಗುರುತು ಹಾಕಿ ಅದು ತುದಿಯಿಂದ ಒಂದು ಮಾರು ಆಚೆ ಬಂದ ತಕ್ಷಣ ಬಿಟ್ಟೆ. ಲೂಪ್ ಗಟ್ಟಿಯಾಯ್ತು, ಆದ್ರೆ ಗಂಟು ನಿಂತಿಲ್ಲ, ಮೆಲ್ಲಗೆ ಶುರು ಮಾಡಿದ್ರೂ ಬರ್ತಿದೆ. ಫೋನ್ ಸೈಡಲ್ಲಿಟ್ಟು ಸ್ಲೋ ಮೋಷನ್ ತೆಗೆದು ನೋಡ್ದೆ. ಬ್ಯಾಕ್ ಕಾಸ್ಟ್ (ಹಿಂದಕ್ಕೆ ಎಸೆಯೋದು) ನಿಲ್ಲಿಸಿದ ಮೇಲೆ ಲೈನ್ ಹಿಂದೆ ಬಿಚ್ಕೊಳ್ತಾ ಇರೋವಾಗ್ಲೇ ನನ್ನ ರಾಡ್ ನಿಧಾನಕ್ಕೆ ಮುಂದೆ ವಾಲ್ತಾ ಇದೆ, ನನಗೆ ಗೊತ್ತೇ ಆಗಿರ್ಲಿಲ್ಲ. ಇದು ಸಮಸ್ಯೆನಾ?

ಉತ್ತರ 3

ಅದೇ ಸಮಸ್ಯೆ! ವೀಡಿಯೊ ತೆಗೆದಿದ್ದು ಒಳ್ಳೇದಾಯ್ತು, ಅದನ್ನ ಕ್ರೀಪ್ ಅಂತಾರೆ, ದೂರ ಎಸೆಯೋಕೆ ಹೋಗೋರಿಗೆಲ್ಲ ಅವಸರಕ್ಕೆ ಬರುತ್ತೆ. ಲೈನ್ ಹಿಂದೆ ನೆಟ್ಟಗಾಗೋ ಹೊತ್ತಿಗೆ ನಿಮ್ಮ ರಾಡ್ ಮುಂದಿನ ಸ್ಟ್ರೋಕಿನ (ರಾಡ್ ಬೀಸೋ ದೂರದ) ಮೂರನೇ ಒಂದು ಭಾಗ ಖಾಲಿ ಓಡಿ ಮುಗಿಸಿರುತ್ತೆ, ಉಳಿದ ಸಣ್ಣ ಜಾಗದಲ್ಲಿ ಎಲ್ಲಾ ವೇಗ ಕೊಡ್ಬೇಕು, ಎಷ್ಟೇ ಮೆಲ್ಲಗೆ ಅಂದ್ಕೊಂಡ್ರೂ ಅದು ಗುದ್ದೇ ಆಗುತ್ತೆ.

ಇದಕ್ಕೆ ಮದ್ದು ಡ್ರಿಫ್ಟ್. ಟಕ್ ಅಂತ ನಿಲ್ಲಿಸಿ, ಲೂಪ್ ಹುಟ್ಟಿದ ಮೇಲೆ, ಬಲ ಏನೂ ಹಾಕದೆ ಲೈನ್ ಹೋಗ್ತಿರೋ ಕಡೆಗೇ ಅಂದ್ರೆ ಹಿಂದಕ್ಕೇ ಕೈನೂ ರಾಡನ್ನೂ ಹೋಗೋಕೆ ಬಿಡಿ. ಮುಂದಿನ ಸ್ಟ್ರೋಕಿಗೆ ಜಾಗ ಸಿಗುತ್ತೆ. ಕೈ ಹಿಂದೆ ಹೋಗೋ ಕೆಲಸದಲ್ಲಿದ್ರೆ ಮುಂದೆ ವಾಲೋಕೂ ಆಗಲ್ಲ. ನಾನು ಕಲಿಯೋವಾಗ ಕತ್ತು ತಿರುಗಿಸಿ ಬ್ಯಾಕ್ ಕಾಸ್ಟನ್ನ ಕಣ್ಣಾರೆ ನೋಡ್ತಿದ್ದೆ, ಲೂಪು ಮೊದ್ಲು ಮಲಗಿಸಿದ U ತರ ಇದ್ದು ಆಮೇಲೆ J ಆಗಿ ಆಮೇಲೆ ಕೊಕ್ಕೆ ಮಾತ್ರ ಉಳಿಯುತ್ತೆ, ಆ ಕೊಕ್ಕೆ ಇನ್ನೇನು ಬಿಚ್ಚಿಕೊಳ್ತು ಅನ್ನುವಾಗ ಮುಂದೆ ಶುರು ಮಾಡ್ಬೇಕು.

ಬ್ಯಾಕ್ ಕಾಸ್ಟ್ ಮುಂದಿನದಕ್ಕೆ ನೇರ ವಿರುದ್ಧ ದಿಕ್ಕಲ್ಲಿ ಇರ್ಬೇಕು. ಮುಂದೆ ಸ್ವಲ್ಪ ಮೇಲ್ಮುಖವಾಗಿ ಎಸೆಯೋದಾದ್ರೆ ಹಿಂದೆ ಅಷ್ಟೇ ಕೆಳಮುಖ. ಎದುರುಗಾಳಿ ಇದ್ರೆ ಮುಂದೆ ತಗ್ಗಿಸಿ, ಹಿಂದೆ ಎತ್ತಿ.

ಈಗ ಹಾಲ್ ವಿಷಯ. ನಿಮಗೆ ಅದ್ರಿಂದ ಏನೂ ಬರ್ತಿಲ್ಲ ಅಂದ್ರೆ ಬಹುಶಃ ಬೇಗ ಎಳೆದು ಮುಗಿಸ್ತಿದೀರಾ. ಎಡಗೈ ಎಳೆತ ರಾಡ್ ಜೊತೆ ಜೊತೆಗೇ ಏರ್ಬೇಕು, ರಾಡ್ ನಿಲ್ಲೋ ಕ್ಷಣಕ್ಕೇ ಮುಗೀಬೇಕು. ಕೈ ಎಳೆಯೋ ವೇಗ ನೇರವಾಗಿ ಲೈನ್ ವೇಗಕ್ಕೆ ಕೂಡ್ಕೊಳ್ಳುತ್ತೆ, ರಾಡ್ ಕೋನ ಜಾಸ್ತಿ ಮಾಡದೇ ವೇಗ ಸಿಗೋ ಒಳ್ಳೇ ದಾರಿ ಅದು, ಅದಕ್ಕೇ ಲೂಪ್ ಕಿರಿದಾಗೇ ಉಳಿಯುತ್ತೆ. ಬ್ಯಾಕ್ ಕಾಸ್ಟಲ್ಲಿ ಎಳೆದ ಮೇಲೆ ಕೈನ ಲೈನೇ ವಾಪಸ್ ರೀಲ್ ಹತ್ರ ಎಳ್ಕೊಂಡು ಹೋಗ್ಬೇಕು, ನೀವಾಗೇ ತಳ್ಳಿದ್ರೆ ಲೈನ್ ಸಡಿಲ ಆಗುತ್ತೆ, ಮುಂದಿನ ಎಳೆತ ಆ ಸಡಿಲ ತುಂಬೋಕೇ ಹೋಗುತ್ತೆ. 1930ರ ದಶಕದಲ್ಲಿ ಅಮೆರಿಕಾದ ಮಾರ್ವಿನ್ ಹೆಜ್ ಟೂರ್ನಮೆಂಟಲ್ಲಿ ಈ ಡಬಲ್ ಹಾಲ್ ತೋರಿಸಿದ ಮೇಲೆ ದೂರದ ಲೆಕ್ಕಾನೇ ಬದಲಾಯ್ತು.

ಬಲದ ಬಗ್ಗೆ ಒಂದು ಮಾತು. ನಾನು ಐದಡಿ ಎತ್ತರದ ಹೆಂಗಸು, ತೋಳಲ್ಲಿ ನಿಮ್ಮಷ್ಟು ಶಕ್ತಿ ಇಲ್ಲ, ಇದೇ 5 ವೇಟಲ್ಲಿ 80 ದಾಟಿಸ್ತೀನಿ. ಹೆಸರಾಂತ ಫ್ಲೈ ಕಾಸ್ಟರ್ ಜೋನ್ ವುಲ್ಫ್ 1951ರಲ್ಲಿ ಅಮೆರಿಕಾದ ಫಿಶರ್‌ಮನ್ಸ್ ಡಿಸ್ಟೆನ್ಸ್ ಸ್ಪರ್ಧೇಲಿ ಬರೀ ಗಂಡಸರ ಎದುರು ನಿಂತು ಗೆದ್ರು, ಅದು ನೆನಪಾದಾಗೆಲ್ಲ ನನಗೆ ಹುರುಪು ಬರುತ್ತೆ.

ಉತ್ತರ 4

ಎಲ್ಲಾ ದೊಡ್ಡ ವಿಷಯ ಆಗೋಯ್ತು, ಸಣ್ಣವು ಎರಡು. ಲೈನ್ ರೀಲಲ್ಲಿ ಸುತ್ತಿಟ್ಟು ಸುರುಳಿ ಆಗಿದ್ರೆ ಮೊದ್ಲು ಪೂರ್ತಿ ಹೊರಗೆ ಎಳ್ದು ಎರಡೂ ತುದಿ ಹಿಡಿದು ಜಗ್ಗಿ ನೆಟ್ಟಗೆ ಮಾಡಿ, ಕೊಳೆ ಇದ್ರೆ ಸೋಪು ನೀರಲ್ಲಿ ಒರೆಸಿ, ರಿಂಗ್‌ಗಳಲ್ಲಿ ಉಜ್ಜೋದು ಕಮ್ಮಿಯಾಗುತ್ತೆ. ಮೈದಾನದಲ್ಲಿ ಕೊಕ್ಕೆ ಬೇಡವೇ ಬೇಡ, ಒಂದು ತುಂಡು ಉಲ್ಲನ್ ದಾರ ಕಟ್ಟಿ, ಆದ್ರೂ ಕನ್ನಡಕ ಹಾಕ್ಕೊಳ್ಳಿ. ಟೇಲಿಂಗ್ ಲೂಪ್ ಮುಖದ ಪಕ್ಕದಲ್ಲೇ ಹೋಗುತ್ತೆ.

ಪ್ರಶ್ನೆ ಕೇಳಿದವರು

ಮೂರು ದಿನ ಆದ್ಮೇಲೆ ಬರೀತಿದೀನಿ. ಮೊದಲ ದಿನ ಹಾಲ್ ಬಿಟ್ಟು ಬರೀ ಡ್ರಿಫ್ಟ್ ಮಾಡ್ದೆ, ಮೇಡಂ ಹೇಳಿದಂಗೆ ಕತ್ತು ತಿರುಗಿಸಿ ಕೊಕ್ಕೆ ನೋಡ್ಕೊಂಡು. ಅಷ್ಟು ಹೊತ್ತು ಕಾಯ್ಬೇಕು ಅಂತ ನನಗೆ ಅನ್ನಿಸೇ ಇರ್ಲಿಲ್ಲ, ಕಾಯೋವಾಗ ಲೈನ್ ಬಿದ್ದೇ ಹೋಯ್ತು ಅನ್ನಿಸುತ್ತೆ ಆದ್ರೆ ಬೀಳಲ್ಲ. ಹಾಲ್ ಇಲ್ದೇನೇ 62 ಬಂತು. ಇವತ್ತು ಹಾಲ್ ಸೇರಿಸ್ದೆ, ಟೇಪ್ ಹಿಡಿದು ಅಳೆದಾಗ 73, ಆಮೇಲೆ 74, ಒಂದು ಸಲ 76. ಗಂಟು ಎರಡೂವರೆ ಗಂಟೇಲಿ ಒಂದೇ ಒಂದು. 76 ಬಂದ ಕಾಸ್ಟಲ್ಲಿ ಲೈನ್ ಮುಗಿದು ರೀಲಿಗೆ ಟಪ್ ಅಂತ ಹೊಡೀತು, ಕಾಲ ಹತ್ರ ಅಷ್ಟೇ ಲೈನ್ ಬಿಚ್ಚಿಟ್ಟಿದ್ದೆ.

ಎಡಗೈ ವಾಪಸ್ ಹೋಗೋವಾಗ ಇನ್ನೂ ನಾನೇ ತಳ್ತಿದೀನಿ ಅನ್ನಿಸ್ತಿದೆ, ವೀಡಿಯೊದಲ್ಲಿ ಒಂದು ಕ್ಷಣ ಲೈನ್ ಬಳುಕುತ್ತೆ. ನಾಳೆ ಕೈ ಹತ್ರದಿಂದ ತೆಗೆದು ಹಾಕ್ತೀನಿ, ಮೇಡಂ ಒಂದ್ಸಲ ನೋಡಿ ಹೇಳ್ತೀರಾ?