ಹಳೆಯ ಬಿಎಂಡಬ್ಲ್ಯೂ 530ಐ: ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಯಾಕೆ ಕಡಿಮೆ?

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನನ್ನದು 2002ರ ಇ39 (5 ಸೀರೀಸ್‌ನ ಆಗಿನ ಮಾದರಿ) 530ಐ, ಆಟೋಮ್ಯಾಟಿಕ್. ಆಟೋಬಾನ್‌ಗೆ ಸೇರುವಾಗ ಮೊದಲು ಮಂಕಾಗಿರುತ್ತದೆ. 3500 ಆರ್‌ಪಿಎಂ ದಾಟಿದ ಮೇಲೆ ಚೆನ್ನಾಗಿ ಓಡುತ್ತದೆ. ಮ್ಯಾನ್ಯುಯಲ್ ಗಾಡಿಗೆ ಕಂಪನಿ ಹೇಳಿದ್ದು 0–100 ಕಿ.ಮೀ. ವೇಗಕ್ಕೆ 7.1 ಸೆಕೆಂಡ್. ಆಟೋಮ್ಯಾಟಿಕ್ ಸ್ವಲ್ಪ ನಿಧಾನ, ಅದು ಗೊತ್ತು. ಆದರೆ ಇಷ್ಟೊಂದಾ? ಇಂಜಿನ್ ಚೆಕ್ ಲೈಟ್ ಹತ್ತಿಲ್ಲ.

ಉತ್ತರ: ಇದಕ್ಕೆ ಟರ್ಬೊ ಇಲ್ಲ ಅಲ್ವಾ, 231 ಹಾರ್ಸ್‌ಪವರ್ ಸಿಗೋದು 5900 ಆರ್‌ಪಿಎಂನಲ್ಲಿ. ಆಕ್ಸಿಲರೇಟರನ್ನು ಕಿಕ್‌ಡೌನ್ ತನಕ, ಅಂದರೆ ಗೇರ್ ಇಳಿಯುವಷ್ಟು ಪೂರ್ತಿ ಒತ್ತಿ ನೋಡಿ.

ಉತ್ತರ: ಕಿಕ್‌ಡೌನ್ ಸರಿ, ಆದರೆ ಕೆಳಗಿನ ಆರ್‌ಪಿಎಂನಲ್ಲಿ ಅಷ್ಟು ಮಂಕಾಗಿರಬಾರದು. ಈ ಎಂ54 ಇಂಜಿನ್ ನನಗೆ ತುಂಬಾ ಇಷ್ಟ, ಅದಕ್ಕೇ ಹೇಳ್ತೀನಿ: ಮೊದಲು ಡೀಸಾ ವಾಲ್ವ್ (ಇಂಜಿನ್‌ಗೆ ಹೋಗುವ ಗಾಳಿಯ ದಾರಿ ಬದಲಿಸುವ ಫ್ಲ್ಯಾಪ್) ಬಿಚ್ಚಿ. ಇನ್‌ಟೇಕ್ ಪಕ್ಕದಲ್ಲೇ ಇದೆ, ಎರಡು ಟಾರ್ಕ್ಸ್ ಬೋಲ್ಟ್ ಅಷ್ಟೇ. ಒಳಗಿನ ಫ್ಲ್ಯಾಪನ್ನು ಬೆರಳಲ್ಲಿ ಅಲ್ಲಾಡಿಸಿ. ಲಟಪಟ ಅಂದರೆ ಸವೆದಿದೆ. ಅದರ ಪಿನ್ ಕಳಚಿ ಇಂಜಿನ್ ಒಳಗೆ ಹೋದರೆ ದೊಡ್ಡ ಖರ್ಚು, ತಡ ಮಾಡಬೇಡಿ. ಅದು ಸರಿ ಇದ್ದರೆ ವ್ಯಾನೋಸ್ (ಇಂಜಿನ್ ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸೀಲ್ ನೋಡಿಸಿ. ಆ ರಬ್ಬರ್ ವಯಸ್ಸಾಗಿ ಗಟ್ಟಿಯಾದರೆ ಕೆಳಗಿನ ಆರ್‌ಪಿಎಂನ ಟಾರ್ಕ್ (ಎಳೆಯುವ ಬಲ) ಹೋಗುತ್ತದೆ, ಲೈಟ್ ಹತ್ತದೇ ಇರಬಹುದು. ಸುಮ್ನೆ ಸೆನ್ಸರ್ ಬದಲಿಸಿ ದುಡ್ಡು ಸುರಿಯಬೇಡಿ.

ಉತ್ತರ: 0–100 ಸಮಯ ಅಳೆಯುವಾಗ ಜಿಪಿಎಸ್ ಬಳಸಿ. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಮಟ್ಟಸ ರಸ್ತೆಯಲ್ಲಿ, ಎರಡೂ ದಿಕ್ಕಿನಲ್ಲಿ ಅಳೆಯಿರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಡೀಸಾ ಬಿಚ್ಚಿದೆ, ಫ್ಲ್ಯಾಪ್ ಅಲ್ಲಾಡ್ತಿದೆ. ಹೊಸದು ಆರ್ಡರ್ ಮಾಡಿದ್ದೇನೆ.